ಹಾಡು ಬರುತ್ತದೆ, ವೇದಿಕೆ ಬರುವುದಿಲ್ಲ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಸೀಮೆಯಲ್ಲಿ ವೇದಿಕೆಗೆ ಬರವಿಲ್ಲ. ತೇರಿನ ರಾತ್ರಿ ನಾಟಕ, ಗಣಪತಿ ಕೂರಿಸಿದಲ್ಲೆಲ್ಲ ಆರ್ಕೆಸ್ಟ್ರಾ, ನವೆಂಬರ್ ಪೂರ್ತಿ ರಾಜ್ಯೋತ್ಸವದ ರಸಮಂಜರಿ, ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿ, ಶಾಲೆಗಳಲ್ಲಿ ಪ್ರತಿಭಾ ಕಾರಂಜಿ, ಮಠಗಳಲ್ಲಿ ವಚನ ಗಾಯನ. ಹಾಡುವವರಿಗೂ ಬರವಿಲ್ಲ. ಆದರೆ ಮನೆಯಲ್ಲಿ, ಗುರುಗಳ ಮುಂದೆ, ಗೆಳೆಯರ ನಡುವೆ ಸಲೀಸಾಗಿ ಹಾಡುವವರು ಮೈಕಿನ ಮುಂದೆ ನಿಂತ ಕೂಡಲೇ ಬೇರೆಯೇ ಆಗುತ್ತಾರೆ. ಪಲ್ಲವಿ ಒಂದು ಶ್ರುತಿಯಲ್ಲಿ ಇದ್ದರೆ ಚರಣ ಇನ್ನೊಂದರಲ್ಲಿ. ನೂರು ಸಲ ಹಾಡಿದ ಸಾಲು ಅಂದೇ ಮರೆಯುತ್ತದೆ. ಕೆಳಗಿಳಿದು ಬಂದ ಮೇಲೆ, ನಿನ್ನೆ ಮನೆಯಲ್ಲಿ ಎಷ್ಟು ಚೆನ್ನಾಗಿ ಬಂದಿತ್ತು ಎಂದು ತಾಯಿ ಹೇಳುವುದು ಸುಳ್ಳೇನೂ ಅಲ್ಲ.

ಇದಕ್ಕೆ ಊರಿನಲ್ಲಿ ಸಿದ್ಧವಾಗಿರುವ ಉತ್ತರಗಳು ಎರಡು. ಅಭ್ಯಾಸ ಸಾಲದು ಎಂಬುದು ಮೇಷ್ಟ್ರ ಉತ್ತರ. ಧೈರ್ಯ ಸಾಲದು ಎಂಬುದು ಸಮಿತಿಯವರ ಉತ್ತರ. ಎರಡೂ ತಪ್ಪನ್ನು ಹಾಡುವವರ ಮೇಲೆಯೇ ಹೊರಿಸುತ್ತವೆ. ಸಭಾಕಂಪನದ ಬಗ್ಗೆ ದೇಹಶಾಸ್ತ್ರ, ಮನಶ್ಶಾಸ್ತ್ರ, ವೈದ್ಯಶಾಸ್ತ್ರ ಹೇಳುವುದನ್ನೂ ನಮ್ಮದೇ ಭಜನೆ, ನಾಟಕ, ಗಮಕ, ಕಚೇರಿಗಳ ಪದ್ಧತಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂರನೆಯ ಉತ್ತರವೊಂದು ಕಾಣುತ್ತದೆ. ವೇದಿಕೆಗೆ ಸಿದ್ಧರಾಗುವುದು ಒಬ್ಬರೇ ಮಾಡಿಕೊಳ್ಳುವ ಕೆಲಸವಲ್ಲ. ಅದರಲ್ಲಿ ಅರ್ಧ ಪಾಲು ವೇದಿಕೆ ಕಟ್ಟುವವರದ್ದು.

ಮೈಯೊಳಗೆ ನಡೆಯುವುದು

ಹೆಸರು ಕೂಗಿದ ಕ್ಷಣದಲ್ಲಿ ಮೈಗೆ ಗೊತ್ತಾಗುವುದು ಒಂದೇ: ಅಪಾಯ. ಎದುರಿಗಿರುವುದು ಚಿರತೆಯೋ ಐನೂರು ಜನರೋ ಎಂದು ಅದು ವಿಚಾರಿಸಲು ಹೋಗುವುದಿಲ್ಲ. ಮೂತ್ರಪಿಂಡದ ಮೇಲೆ ಕುಳಿತ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತದೆ, ಜೊಲ್ಲು ನಿಂತು ಗಂಟಲ ಪಸೆ ಆರುತ್ತದೆ, ಅಂಗೈ ಬೆವರುತ್ತದೆ, ಉಸಿರು ಹೊಟ್ಟೆ ಬಿಟ್ಟು ಎದೆಯ ಮೇಲ್ಭಾಗಕ್ಕೆ ಬರುತ್ತದೆ. ಓಡುವವನಿಗೂ ಹೊಡೆದಾಡುವವನಿಗೂ ಇದೆಲ್ಲ ಅನುಕೂಲ. ಹಾಡುವವರಿಗೆ ಬೇಕಾದದ್ದು ಸರಿಯಾಗಿ ಇದರ ತದ್ವಿರುದ್ಧ: ಒದ್ದೆಯಾದ ಗಂಟಲು, ಆಳದ ಉಸಿರು, ಸಡಿಲವಾದ ಹೆಗಲು.

ಒಂದೊಂದು ವಾದ್ಯಕ್ಕೆ ಒಂದೊಂದು ಕಾಟ. ಕೊಳಲಿನವರಿಗೆ ತುಟಿ ಒಣಗಿ ಊದು ಜಾರುತ್ತದೆ. ವಯಲಿನ್ನಿನವರಿಗೆ ಬಲಗೈ ಸಣ್ಣಗೆ ನಡುಗಿ, ಉದ್ದನೆಯ ಬಿಲ್ಲು ತಂತಿಯ ಮೇಲೆ ಕುಪ್ಪಳಿಸುತ್ತದೆ. ತಬಲಾದವರಿಗೆ ಬೆವರಿನಿಂದ ಬೆರಳು ಚರ್ಮಕ್ಕೆ ಅಂಟುತ್ತದೆ. ಪಕ್ಕದಲ್ಲಿ ಪೌಡರ್ ಡಬ್ಬಿ ಇಟ್ಟುಕೊಳ್ಳುವುದು ಅದಕ್ಕೇ. ಹಾರ್ಮೋನಿಯಂನವರು ತಿದಿಯನ್ನು ಜೋರಾಗಿ ಎಳೆದು ಸ್ವರ ಚೀರುವಂತೆ ಮಾಡುತ್ತಾರೆ. ಹಾಡುವವರದ್ದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ವಾದ್ಯ ಮೈಯೊಳಗೇ ಇದೆ. ಧ್ವನಿಪೆಟ್ಟಿಗೆಯ ಸ್ನಾಯು ಬಿಗಿದು ಶ್ರುತಿ ತಾನಾಗಿ ಮೇಲೇರುತ್ತದೆ, ಉಸಿರು ಗಿಡ್ಡವಾಗಿ ಸಾಲು ನಡುವೆಯೇ ಮುರಿಯುತ್ತದೆ, ಎದೆಬಡಿತದ ಜೊತೆ ಲಯವೂ ಓಡುತ್ತದೆ. ಹೊಸಬರು ವೇಗವಾಗಿ ಹಾಡಿ ಮುಗಿಸುವುದು ಬೇಗ ಇಳಿಯುವ ಆಸೆಯಿಂದ ಮಾತ್ರವಲ್ಲ. ಒಳಗಿನ ಗಡಿಯಾರವೇ ಆಗ ಮುಂದಾಗಿ ಓಡುತ್ತಿರುತ್ತದೆ.

ನಮ್ಮ ಸಭೆಗಳ ಪ್ರಾರ್ಥನೆಯನ್ನೇ ನೋಡಿ. ಆರು ಗಂಟೆಗೆಂದು ಕರಪತ್ರದಲ್ಲಿರುವ ಕಾರ್ಯಕ್ರಮ ಮುಖ್ಯ ಅತಿಥಿಗಳು ಬಂದ ಮೇಲೆ, ಎಂಟೂವರೆಗೆ ಶುರುವಾಗುತ್ತದೆ. ಸಂಜೆ ಐದಕ್ಕೇ ರೇಷ್ಮೆ ಲಂಗ ಉಟ್ಟು ಬಂದ ಎಂಟನೇ ತರಗತಿಯ ಹುಡುಗಿ ಅಷ್ಟು ಹೊತ್ತೂ ವೇದಿಕೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೀಟಿ ಹಿಡಿದು ಕೂತಿರುತ್ತಾಳೆ. ಹಾಡಿ ಹದಮಾಡಿಕೊಂಡಿದ್ದ ಗಂಟಲು ಯಾವಾಗಲೋ ಆರಿಹೋಗಿದೆ. ಕರೆ ಬರುತ್ತದೆ. ಮೈಕು ನಿರೂಪಕರ ಎತ್ತರಕ್ಕೆ ನಿಂತಿದೆ. ಸೌಂಡಿನವರು ಓಡಿಬಂದು ಕೊರಳು ತಿರುಗಿಸುವಾಗ ಅದು ಕಿರ್ರೆಂದು ಕೂಗುತ್ತದೆ, ಜನ ನಗುತ್ತಾರೆ. ಹಿಂದಿನಿಂದ ಯಾರೋ, "ಬೇಗ ಮುಗಿಸಮ್ಮ, ಎರಡೇ ನುಡಿ ಸಾಕು" ಎನ್ನುತ್ತಾರೆ. ಶ್ರುತಿ ಕೊಡಲು ಪೆಟ್ಟಿಗೆಯಿಲ್ಲ, ಜೊತೆಗೆ ವಾದ್ಯವಿಲ್ಲ. ಬಿಗಿದ ಗಂಟಲಿಗೆ ಯಾವ ಸ್ವರ ಸಿಕ್ಕಿತೋ ಅಲ್ಲಿಂದಲೇ ಎತ್ತುತ್ತಾಳೆ, ಅದು ಮನೆಯ ಶ್ರುತಿಗಿಂತ ಮೇಲಿರುತ್ತದೆ. ಎರಡನೇ ಸಾಲಿನ ತಾರಸ್ಥಾಯಿಗೆ ದನಿ ಮುಟ್ಟುವುದಿಲ್ಲ. ಇಡೀ ಸಂಜೆಯ ಅತ್ಯಂತ ಕಷ್ಟದ ಜಾಗವನ್ನು ಅತ್ಯಂತ ಹೊಸಬಳಿಗೆ ಕೊಟ್ಟು, ಆಮೇಲೆ ಅವಳಿಗೆ ಧೈರ್ಯ ಸಾಲದು ಎನ್ನುತ್ತೇವೆ.

ದೊಡ್ಡವರನ್ನೂ ಬಿಟ್ಟಿಲ್ಲ

ಅನುಭವ ಹೆಚ್ಚಿದಂತೆ ಅಂಜಿಕೆ ತಾನೇ ಹೋಗುತ್ತದೆ ಎಂಬ ಮಾತಿಗೆ ಚರಿತ್ರೆಯ ಬೆಂಬಲ ಕಡಿಮೆ. ಚೆಲ್ಲೊ ವಾದನದಲ್ಲಿ 20ನೇ ಶತಮಾನದ ದೊಡ್ಡ ಹೆಸರು ಪಾಬ್ಲೊ ಕಸಾಲ್ಸ್. 1901ರಲ್ಲಿ ಅಮೆರಿಕದ ಟಮಾಲ್‌ಪೈಸ್ ಬೆಟ್ಟದಲ್ಲಿ ಕಲ್ಲುರುಳಿ ಅವರ ಎಡಗೈ ಜಜ್ಜಿಹೋಯಿತು. ಸದ್ಯ, ಇನ್ನು ಮೇಲೆ ನುಡಿಸಬೇಕಾಗಿಲ್ಲ ಎಂಬುದೇ ತಮಗೆ ಮೊದಲು ಹೊಳೆದ ಯೋಚನೆ ಎಂದು ಅವರೇ ಮುಂದೆ ಹೇಳಿಕೊಂಡರು. ಬಾರ್ಬ್ರಾ ಸ್ಟ್ರೈಸೆಂಡ್ 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಹಾಡಿನ ಸಾಲು ಮರೆತರು. ಆಮೇಲೆ ಟಿಕೆಟ್ ಇಟ್ಟ ಸಂಗೀತ ಕಚೇರಿಗಳಿಗೆ ಮತ್ತೆ ಬಂದದ್ದು 1994ರ ಹೊತ್ತಿಗೆ. ಪಿಯಾನೊದ ಗ್ಲೆನ್ ಗೂಲ್ಡ್ ಸಭೆಯ ಸಹವಾಸವೇ ಬೇಡವೆಂದು 1964ರಲ್ಲಿ, ಇನ್ನೂ 31ರ ಹರೆಯದಲ್ಲಿ ವೇದಿಕೆ ಬಿಟ್ಟು ರೆಕಾರ್ಡಿಂಗ್ ಕೋಣೆ ಸೇರಿದರು.

ನಮ್ಮಲ್ಲಿ ಈ ಅಂಜಿಕೆಗೆ ಇನ್ನೊಂದು ಮುಖವಿತ್ತು. ಗಂಗೂಬಾಯಿ ಹಾನಗಲ್ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದಾಗ ಇನ್ನೂ ಬಾಲಕಿ. ಅವರು ಬೆಳೆಯುವಾಗ ಹಾಡುವ ಹೆಣ್ಣುಮಗಳು ಬೀದಿಯಲ್ಲಿ ನಡೆದರೆ 'ಗಾನೇವಾಲಿ' ಎಂದು ಕೂಗಿ ಹೀಯಾಳಿಸುವ ಜನರಿದ್ದರು. ಅದನ್ನು ಅವರು ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಸ್ವರ ತಪ್ಪೀತೆಂಬ ಹೆದರಿಕೆ ಬೇರೆ, ಹಾಡಿದ್ದಕ್ಕೇ ಹೆಸರು ಕೆಟ್ಟೀತೆಂಬ ಹೆದರಿಕೆ ಬೇರೆ. ಎರಡನೆಯದಕ್ಕೆ ಯಾವ ಸಾಧನೆಯೂ ಮದ್ದಲ್ಲ. ಇವತ್ತಿಗೂ ನಮ್ಮ ತಾಲ್ಲೂಕಿನ ಹುಡುಗಿಯೊಬ್ಬಳು ಆರ್ಕೆಸ್ಟ್ರಾಕ್ಕೆ ಒಪ್ಪಿಕೊಳ್ಳುವ ಮುಂಚೆ ಲೆಕ್ಕ ಹಾಕುವುದರಲ್ಲಿ ರಾಗತಾಳದ ಪಾಲು ಚಿಕ್ಕದು. ರಾತ್ರಿ ಹನ್ನೊಂದಕ್ಕೆ ಮುಗಿದರೆ ಊರಿಗೆ ಬಿಡುವವರು ಯಾರು, ಮುಂದಿನ ಸಾಲಿನಲ್ಲಿ ಕುಡಿದು ಕೂಗುವವರನ್ನು ತಡೆಯುವವರು ಯಾರು, ನಾಳೆ ಬಂಧುಗಳ ಮೊಬೈಲಿನಲ್ಲಿ ಯಾವ ತುಣುಕು ಓಡಾಡೀತು? ಇವಕ್ಕೆ ಉತ್ತರ ಸಿಗದೆ ಮೇಲೆ ಹತ್ತಿದವಳ ದನಿ ನಡುಗಿದರೆ ಅದನ್ನು ಸಭಾಕಂಪನ ಎನ್ನುವುದು ಅರ್ಧ ಸತ್ಯ.

ಎಷ್ಟು ಸಾಧನೆ ಸಾಕು?

ಹಾಗೆಂದು ಮೇಷ್ಟ್ರ ಉತ್ತರವನ್ನು ತಳ್ಳಿಹಾಕುವಂತಿಲ್ಲ. ನೋಡುವವರಿದ್ದಾಗ ಕೆಲವರ ಕೆಲಸ ಸುಧಾರಿಸುತ್ತದೆ, ಕೆಲವರದ್ದು ಕೆಡುತ್ತದೆ. ಯಾಕೆ ಎಂಬ ಪ್ರಶ್ನೆಗೆ ರಾಬರ್ಟ್ ಜಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ಸರಳವಾದ ಉತ್ತರ ಕೊಟ್ಟ. ಚೆನ್ನಾಗಿ ರೂಢಿಯಾದ ಕೆಲಸ ನಾಲ್ಕು ಜನರೆದುರು ಇನ್ನೂ ಚುರುಕಾಗುತ್ತದೆ, ಅರ್ಧಂಬರ್ಧ ಕಲಿತದ್ದು ಇನ್ನೂ ಕೆಡುತ್ತದೆ. ನಾಲ್ಕು ವರ್ಷದ ಮೇಲೆ ಇದನ್ನು ಜಿರಲೆಗಳ ಮೇಲೂ ಪರೀಕ್ಷಿಸಿದರು. ಬೇರೆ ಜಿರಲೆಗಳು ನೋಡುತ್ತಿರುವಾಗ ನೇರ ದಾರಿಯಲ್ಲಿ ಓಡಬೇಕಾದ ಜಿರಲೆ ವೇಗವಾಗಿ ಓಡಿತು. ತಿರುವು ಹುಡುಕಬೇಕಾದದ್ದು ತಡಮಾಡಿತು. ಸಭೆ ಇದ್ದದ್ದನ್ನು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೆ.

ಇದರಿಂದ ಹಾಡುವವರಿಗೆ ಸಿಗುವ ಪಾಠ ನೇರವಾದದ್ದು: ವೇದಿಕೆಗೆ ಒಯ್ಯುವುದು ಹಳೆಯ ಹಾಡಾಗಿರಬೇಕು. ಕಳೆದ ವಾರ ಕಲಿತ ಕಷ್ಟದ ಕೃತಿಯನ್ನು ಜನರ ಮೆಚ್ಚುಗೆಗಾಗಿ ಎತ್ತಿಕೊಂಡವರು ಎಡವುತ್ತಾರೆ. ನೆನಪಿನ ವಿಷಯದಲ್ಲೂ ಒಂದು ಗುಟ್ಟಿದೆ. ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸರಪಳಿಯಾಗಿ ಕಲಿತವರಿಗೆ ನಡುವಿನ ಕೊಂಡಿ ಕಳಚಿದರೆ ಮುಂದಿನದು ಸಿಗುವುದಿಲ್ಲ. ಮತ್ತೆ ಪಲ್ಲವಿಗೇ ಹೋಗಬೇಕು. ಒಳ್ಳೆಯ ಮೇಷ್ಟ್ರು ಪಾಠದ ನಡುವೆ ಹಾಡು ನಿಲ್ಲಿಸಿ, ಎರಡನೇ ಚರಣದ ಮೂರನೇ ಸಾಲಿನಿಂದ ಎತ್ತು ಎನ್ನುವುದು ಕಾಡಿಸಲಿಕ್ಕಲ್ಲ. ಯಾವ ಸಾಲಿನಿಂದ ಬೇಕಾದರೂ ಎತ್ತಿಕೊಳ್ಳಬಲ್ಲವರಿಗೆ ಮರೆವು ಬಂದರೂ ದಾರಿ ತಪ್ಪುವುದಿಲ್ಲ.

ಆದರೆ ಬರಿಯ ಸಾಧನೆ ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಬೇಕು. ಸಾಧನೆಯಲ್ಲಿ ತಪ್ಪಿದರೆ ನಿಲ್ಲಿಸಿ ತಿದ್ದಿಕೊಳ್ಳುತ್ತೇವೆ. ವೇದಿಕೆಯಲ್ಲಿ ಮಾಡಬೇಕಾದದ್ದು ಅದರ ಉಲ್ಟಾ: ತಪ್ಪಿದರೂ ನಿಲ್ಲದೆ ಮುಂದೆ ಹೋಗುವುದು. ದಿನಕ್ಕೆ ಮೂರು ತಾಸು ಕೂತು ಹಾಡುವ ಹುಡುಗ ನಿಲ್ಲಿಸುವುದನ್ನೇ ಮೂರು ತಾಸು ಅಭ್ಯಾಸ ಮಾಡಿರಬಹುದು. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗಳೂ ಈ ಕೊರತೆ ತುಂಬುವುದಿಲ್ಲ. ಅಲ್ಲಿ ಕೋಣೆಯೊಳಗೆ ಪರೀಕ್ಷಕರು ಕೇಳಿದ್ದನ್ನು ಹಾಡಿ, ಶಾಸ್ತ್ರದ ಪ್ರಶ್ನೆಗೆ ಉತ್ತರ ಬರೆದರೆ ಮುಗಿಯಿತು. ಮೊದಲ ದರ್ಜೆಯ ಸರ್ಟಿಫಿಕೇಟ್ ಇರುವ ಎಷ್ಟೋ ಮಕ್ಕಳಿಗೆ ಇಪ್ಪತ್ತು ನಿಮಿಷ ಒಬ್ಬರೇ ಸಭೆಯನ್ನು ಹಿಡಿದಿಟ್ಟ ಅನುಭವವೇ ಇರುವುದಿಲ್ಲ.

ಮಧ್ಯದ ಹಾದಿ ಒಂದಿತ್ತು: ಆಕಾಶವಾಣಿ. ಈ ಭಾಗದವರಿಗೆ ಅದು 1965ರಲ್ಲಿ ಶುರುವಾದ ಭದ್ರಾವತಿ ಕೇಂದ್ರ. ಆಡಿಶನ್ ಪಾಸಾಗಿ ಬಿ, ಬಿ ಹೈ, ಎ ಎಂದು ಶ್ರೇಣಿ ಪಡೆಯಲು ಕಲಾವಿದರು ವರ್ಷಗಟ್ಟಲೆ ತಯಾರಿ ನಡೆಸುತ್ತಿದ್ದರು. ಸ್ಟುಡಿಯೊದಲ್ಲಿ ಜನರಿಲ್ಲ, ಆದರೆ ಕೆಂಪು ದೀಪ ಹೊತ್ತಿದ ಮೇಲೆ ನಿಗದಿಯಾದ ನಿಮಿಷದೊಳಗೆ ಶುರುಮಾಡಿ ಅಚ್ಚುಕಟ್ಟಾಗಿ ಮುಗಿಸಲೇಬೇಕು. ಕೇಳುವವರ ಮುಖ ಕಾಣದಿದ್ದರೂ ಕೇಳುವವರಿದ್ದಾರೆ ಎಂಬ ಎಚ್ಚರದಲ್ಲಿ ಹಾಡುವುದನ್ನು ಆ ಕೋಣೆ ಒಂದು ತಲೆಮಾರಿಗೆ ಕಲಿಸಿತು.

ಮಾತ್ರೆ, ಪೆಗ್ಗು, ಮನಸ್ಸಿನ ಮಾತು

ವೈದ್ಯರ ಬಳಿಯೂ ಒಂದು ಉತ್ತರವಿದೆ. ಹೃದ್ರೋಗಕ್ಕೆಂದು 1960ರ ದಶಕದಲ್ಲಿ ಬಂದ ಬೀಟಾ ಬ್ಲಾಕರ್ ಮಾತ್ರೆಗಳು ಅಡ್ರಿನಲಿನ್ನಿನ ಆಟವನ್ನು ತಡೆಯುತ್ತವೆ. ಎದೆಬಡಿತ ಇಳಿಯುತ್ತದೆ, ಕೈನಡುಕ ನಿಲ್ಲುತ್ತದೆ. 1977ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಇಂಥ ಮಾತ್ರೆ ತೆಗೆದುಕೊಂಡ ತಂತಿವಾದ್ಯದವರ ನುಡಿಸಾಣಿಕೆ ಸುಧಾರಿಸಿದ್ದು ಕಂಡುಬಂತು. ಹತ್ತು ವರ್ಷದ ಮೇಲೆ, 1987ರಲ್ಲಿ, ಅಮೆರಿಕದ ಸಿಂಫನಿ ವಾದ್ಯವೃಂದಗಳ ಎರಡು ಸಾವಿರಕ್ಕೂ ಹೆಚ್ಚು ಕಲಾವಿದರನ್ನು ವಿಚಾರಿಸಿದಾಗ ಶೇ 27 ಮಂದಿ ಈ ಮಾತ್ರೆ ಬಳಸಿದ್ದಾಗಿ ಹೇಳಿದರು. ಮಾತ್ರೆ ಕೈಯನ್ನು ಹಿಡಿಯುತ್ತದೆ, ಹಾಡನ್ನು ಕಲಿಸುವುದಿಲ್ಲ. ಉಬ್ಬಸ ಇರುವವರಿಗೆ, ರಕ್ತದೊತ್ತಡ ಕಡಿಮೆ ಇರುವವರಿಗೆ ಅದು ಅಪಾಯ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ವಸ್ತುವಲ್ಲ. ವೇದಿಕೆಯ ಹೆಸರೆತ್ತಿದರೆ ವಾರಗಟ್ಟಲೆ ನಿದ್ದೆ ಊಟ ಬಿಡುವವರು ವೈದ್ಯರ ಹತ್ತಿರ ಹೋಗುವುದರಲ್ಲಿ ನಾಚಿಕೆಯೂ ಬೇಕಿಲ್ಲ.

ಆರ್ಕೆಸ್ಟ್ರಾದವರ ನಡುವೆ ಗುಟ್ಟಾಗಿ ಓಡಾಡುವ ಮದ್ದು ಇನ್ನೊಂದು. ಒಂದು ಪೆಗ್ ಹಾಕಿದರೆ ಅಳುಕು ಹೋಗುತ್ತದೆ ಎಂಬುದು ನಿಜ; ಅದರ ಜೊತೆಗೇ ಶ್ರುತಿ ತಪ್ಪಿದ್ದು ಗೊತ್ತಾಗುವ ಕಿವಿಯೂ ಹೋಗುತ್ತದೆ. ಚೆನ್ನಾಗಿ ಹಾಡಿದೆ ಎಂಬ ಭ್ರಮೆಯಲ್ಲಿ ಇಳಿದು ಬಂದವನಿಗೆ ಮುಂದಿನ ಸಲ ಒಂದು ಸಾಲುವುದಿಲ್ಲ.

ಮನಸ್ಸಿನ ಉಪಾಯಗಳಲ್ಲಿ ಕುತೂಹಲದ್ದು ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗ. ಕರಿಯೋಕೆ ಹಾಡಬೇಕಾದವರಲ್ಲಿ ಕೆಲವರು ಹಾಡುವ ಮುಂಚೆ ತಮಗೆ ಆತಂಕವಾಗಿದೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು, ಕೆಲವರು ಹುರುಪು ಬಂದಿದೆ ಎನ್ನಬೇಕಿತ್ತು. ಎರಡನೆಯ ಗುಂಪು ಶ್ರುತಿ ಲಯಗಳಲ್ಲಿ ಮೇಲುಗೈ ಸಾಧಿಸಿತು. ಡವಡವ ಎರಡರಲ್ಲೂ ಒಂದೇ. ಅದನ್ನು ಏನೆಂದು ಕರೆದುಕೊಂಡೆವು ಎಂಬುದರಲ್ಲಿ ವ್ಯತ್ಯಾಸ. ಹೆದರಬೇಡ ಎಂದು ಹೇಳಿ ಮಗುವನ್ನು ವೇದಿಕೆಗೆ ತಳ್ಳುವವರು ಇದನ್ನು ಗಮನಿಸಬೇಕು. ಹೆದರಬೇಡ ಎಂದ ಕೂಡಲೇ ಹೆದರಿಕೆಯೇ ನೆನಪಾಗುತ್ತದೆ. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು ಎಂದರೆ ಮಾಡಲು ಒಂದು ಕೆಲಸವಾದರೂ ಸಿಗುತ್ತದೆ. ಎದೆಬಡಿತವನ್ನು ಇಳಿಸುವ ದಾರಿಯೂ ಅದೇ.

ಹಳೆಯ ಪದ್ಧತಿಯ ಮೆಟ್ಟಿಲುಗಳು

ಇಷ್ಟೆಲ್ಲ ಪ್ರಯೋಗಗಳು ನಡೆಯುವ ಮೊದಲೇ ನಮ್ಮ ಕಲಾಪದ್ಧತಿಗಳು ಅಂಜಿಕೆಗೆ ತಮ್ಮೊಳಗೇ ಜಾಗ ಮಾಡಿಕೊಂಡಿದ್ದವು. ಯಾರೂ ಅದನ್ನು ಚಿಕಿತ್ಸೆ ಎಂದು ಕರೆಯಲಿಲ್ಲ.

ಶ್ರಾವಣ ಸೋಮವಾರದ ಭಜನೆಯಲ್ಲಿ ಹುಡುಗ ಮೊದಲು ಕೂರುವುದು ತಾಳ ಹಿಡಿದು. ಆಮೇಲೆ ಹಿಮ್ಮೇಳಕ್ಕೆ ದನಿ ಸೇರಿಸುತ್ತಾನೆ. ಹತ್ತು ದನಿಯಲ್ಲಿ ಅವನದೊಂದು, ತಪ್ಪಿದರೂ ಯಾರಿಗೂ ಕೇಳುವುದಿಲ್ಲ. ವರ್ಷ ಕಳೆದ ಮೇಲೆ ಒಂದು ನುಡಿ ಅವನಿಗೆ ಬಿಡುತ್ತಾರೆ, ಮುಂದೆ ಒಂದು ಪೂರ್ತಿ ತತ್ವಪದ. ಅವನು ಎತ್ತಿದ್ದನ್ನು ಮೇಳ ಎತ್ತಿಕೊಳ್ಳುತ್ತದೆ, ಆ ಹೊತ್ತಿಗೆ ಅವನು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನೆಯುತ್ತಾನೆ. ಎಲ್ಲರ ಮುಖವೂ ದೇವರ ಕಡೆಗೆ ಅಥವಾ ಒಬ್ಬರಿಗೊಬ್ಬರ ಕಡೆಗೆ. ಬರಿಯ ನೋಡುಗರೆಂದು ಯಾರೂ ಇಲ್ಲ. ಚಪ್ಪಾಳೆಯೂ ಇಲ್ಲ, ಅಂಕವೂ ಇಲ್ಲ. ತಾಂಡಾಗಳಲ್ಲಿ ನಗಾರಿಯ ಬಡಿತಕ್ಕೆ ಸೇವಾಲಾಲರ ಭಜನೆ ಹೇಳುವಾಗಲೂ, ಡೊಳ್ಳಿನ ಮೇಳದಲ್ಲೂ ಹೊಸಬರು ದಾಟುವ ಹಾದಿ ಇಂಥದ್ದೇ.

ನಾಟಕದ್ದು ಎರಡನೇ ಮೆಟ್ಟಿಲು. ದಾವಣಗೆರೆ ವೃತ್ತಿನಾಟಕದ ದೊಡ್ಡ ನೆಲೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಅದರ ಗಾಳಿ ಸುತ್ತಲಿನ ಹಳ್ಳಿಗಳಿಗೂ ಬೀಸಿತು. ಜಾತ್ರೆಯ ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯುವುದು ಶಾಲೆಯ ಜಗಲಿಯಲ್ಲೋ ಗುಡಿಯ ಪೌಳಿಯಲ್ಲೋ. ತಾಲೀಮಿಗೇ ಅರ್ಧ ಊರು ಬಂದು ಕೂರುತ್ತದೆ. ನಾಟಕದ ದಿನ ಬರುವ ಹೊತ್ತಿಗೆ ಪಾತ್ರಧಾರಿ ಅದೇ ಹಾಡನ್ನು ಅದೇ ಜನರ ಮುಂದೆ ಹತ್ತಾರು ಸಲ ಹಾಡಿರುತ್ತಾನೆ. ಪರದೆ ಏಳುವ ಮುಂಚೆ ಎಲ್ಲರೂ ಒಟ್ಟಾಗಿ ನಾಂದಿ ಹೇಳುತ್ತಾರೆ. ಅದು ದೇವರಿಗೆ ಸಲ್ಲುವ ಪೂಜೆ. ಗಂಟಲನ್ನು ಬಿಸಿ ಮಾಡಿ, ಒಂಟಿ ಅನ್ನಿಸದಂತೆ ಮಾಡುವ ಕೆಲಸವನ್ನೂ ಅದು ಜೊತೆಗೇ ಮಾಡಿ ಮುಗಿಸುತ್ತದೆ.

ಇನ್ನು ಹಾರ್ಮೋನಿಯಂ ಮಾಸ್ತರು. ಅವರು ಕೂರುವುದು ಪಾತ್ರಧಾರಿಯ ಕಣ್ಣಿಗೆ ಬೀಳುವಂತೆ, ರಂಗದ ಮುಂದೆ. ಮೊದಲ ಸಾಲನ್ನು ಪೂರ್ತಿ ನುಡಿಸಿ ದಾರಿ ತೋರಿಸುತ್ತಾರೆ. ಎತ್ತುವಾಗ ತಡವಾಯಿತೆಂದರೆ ಇನ್ನೊಂದು ಸುತ್ತು ತಿರುಗಿ ಬಂದು ಅದೇ ಜಾಗದಲ್ಲಿ ಕಾಯುತ್ತಾರೆ. ಹುಡುಗ ಕರಿ ಎರಡರಲ್ಲಿ ಕಲಿತು ಬಿಳಿ ಮೂರಕ್ಕೆ ಏರಿದನೋ, ಅವರ ಬೆರಳು ಸದ್ದಿಲ್ಲದೆ ಅಲ್ಲಿಗೇ ಹೋಗುತ್ತದೆ. ಸಾಲು ಮರೆತರೆ ಸ್ವರದ ಜೊತೆಗೆ ಬಾಯಿಂದಲೂ ಒಂದು ಪದ ಎಸೆಯುತ್ತಾರೆ. ತಪ್ಪಾಗಿದೆ ಎಂಬುದು ಸಭೆಗೆ ತಿಳಿಯುವ ಮುಂಚೆಯೇ ತಪ್ಪು ಮುಚ್ಚಿಹೋಗಿರುತ್ತದೆ.

ಶಿಷ್ಟ ಸಂಗೀತದಲ್ಲೂ ಇದೇ ಜಾಣತನ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರ ಕಾಲದಿಂದ ಗಟ್ಟಿಯಾದ ಕರ್ನಾಟಕ ಕಚೇರಿ ಪದ್ಧತಿ ಶುರುವಾಗುವುದು ವರ್ಣದಿಂದ. ಕಲಾವಿದರು ಚಿಕ್ಕಂದಿನಿಂದ ಸಾವಿರ ಸಲ ಹಾಡಿದ, ಮನೋಧರ್ಮದ ಭಾರವಿಲ್ಲದ ರಚನೆ ಅದು. ಮೊದಲ ಹತ್ತು ನಿಮಿಷ ಮೈ ಹತೋಟಿಗೆ ಬರುವವರೆಗೂ ಹೊಸದೇನನ್ನೂ ಮಾಡಬೇಕಿಲ್ಲ. ಹಿಂದೂಸ್ತಾನಿಯವರು ವಿಳಂಬಿತದಲ್ಲಿ, ಷಡ್ಜದ ಸುತ್ತಲೇ ನಿಧಾನವಾಗಿ ಶುರುಮಾಡುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ವೇದಿಕೆಯ ಮೇಲೆ ಇಬ್ಬರು: ಒಬ್ಬರು ಪದ್ಯ ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ವಾಚಿಸುವವರಿಗೆ ಪ್ರತಿ ಪದ್ಯದ ಮೇಲೂ ಬಿಡುವು. ಕೇಳುಗರ ಕಣ್ಣು ಒಬ್ಬರ ಮೇಲೇ ನೆಟ್ಟಿರುವುದಿಲ್ಲ.

ಬಸವರಾಜ ರಾಜಗುರುಗಳ ಮೊದಲ ಕಚೇರಿ ಇದಕ್ಕೆಲ್ಲ ಕಳಶವಿಟ್ಟಂತಿದೆ. 1936ರಲ್ಲಿ ವಿಜಯನಗರ ಸಾಮ್ರಾಜ್ಯದ 600ನೇ ವರ್ಷದ ಉತ್ಸವ, ಹಂಪಿಯ ವೇದಿಕೆ, ಹಾಡುವವನಿನ್ನೂ ಎಳೆಯ. ತಬಲಾ ಹಿಡಿದು ಪಕ್ಕಕ್ಕೆ ಕೂತವರು ಗುರುಗಳಾದ ಪಂಚಾಕ್ಷರಿ ಗವಾಯಿಗಳೇ. ಶಿಷ್ಯನ ಉಸಿರಿನ ಉದ್ದಗಲ ಬಲ್ಲ ಕೈ ತಬಲಾದ ಮೇಲಿತ್ತು. ಶಿಷ್ಯನನ್ನು ಕಳಿಸಿ ಕೆಳಗೆ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವ ಗುರುವಿಗೂ, ಮೇಲೆ ಹತ್ತಿ ಪಕ್ಕವಾದ್ಯಕ್ಕೆ ಕೂರುವ ಗುರುವಿಗೂ ಎಷ್ಟು ಅಂತರ!

ಟ್ರ್ಯಾಕು, ಎಕೋ, ಮೊಬೈಲು

ಹೊಸ ಕಾಲದ ವೇದಿಕೆ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಕಿತ್ತುಹಾಕಿತು. ವಾದ್ಯದವರಿಗೆ ಕೊಡುವ ಹಣ ಉಳಿಯಲೆಂದು ಟ್ರ್ಯಾಕ್ ಬಂತು. ಟ್ರ್ಯಾಕ್ ಯಾರಿಗಾಗಿಯೂ ಕಾಯುವುದಿಲ್ಲ. ಅರ್ಧ ಮಾತ್ರೆ ತಡವಾಗಿ ಎತ್ತಿದರೆ ಹಾಡು ಮುಂದೆ, ಹಾಡುವವರು ಹಿಂದೆ. ಎಸ್. ಜಾನಕಿಯವರ ಶ್ರುತಿಗೆ ಮಾಡಿದ ಟ್ರ್ಯಾಕನ್ನು ಹದಿನಾಲ್ಕರ ಹುಡುಗಿ ತನ್ನ ದನಿಗೆ ಇಳಿಸಿಕೊಳ್ಳದೆಯೇ ಹಾಡಲು ಹೋಗುತ್ತಾಳೆ, ಇಳಿಸಬಹುದೆಂದು ಅವಳಿಗೆ ಹೇಳಿದವರಿಲ್ಲ.

ಸೌಂಡಿನದು ಇನ್ನೊಂದು ಕತೆ. ಮೈಕಿಲ್ಲದ ಕಾಲದಲ್ಲಿ ಟಿ. ಚೌಡಯ್ಯನವರು ದೊಡ್ಡ ಸಭೆಗೆ ಕೇಳಲೆಂದು ವಯಲಿನ್ನಿಗೆ ಏಳು ತಂತಿ ಕಟ್ಟಿದರು. ಈಗ ಆಳೆತ್ತರದ ಪೆಟ್ಟಿಗೆಗಳಿವೆ, ಆದರೆ ಎಲ್ಲವೂ ಜನರ ಕಡೆ ಮುಖಮಾಡಿವೆ. ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸುವ ಮಾನಿಟರ್ ಇರುವುದು ಅಪರೂಪ. ಸುತ್ತ ಗದ್ದಲವಿದ್ದು ತನ್ನ ದನಿ ಕೇಳದಿದ್ದರೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ ಎಂದು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲೇ ತೋರಿಸಿದ್ದ. ನಮ್ಮ ಗಣಪತಿ ಪೆಂಡಾಲಿನಲ್ಲಿ ಜನರೇಟರ್ ಒಂದು ಕಡೆ, ಮಂಡಕ್ಕಿ ಮೆಣಸಿನಕಾಯಿ ಗಾಡಿಯ ಗಲಾಟೆ ಇನ್ನೊಂದು ಕಡೆ, ದನಿಯ ಮೇಲೆ ಸೌಂಡಿನವರು ಸುರಿದ ಎಕೋ ಮತ್ತೊಂದು ಕಡೆ. ಹಾಡುವವರು ಕಿರುಚುತ್ತಾರೆ, ಶ್ರುತಿ ಬಿಡುತ್ತದೆ. ಹೆದರಿದರು ಎಂದು ನಾವು ತೀರ್ಮಾನಿಸುತ್ತೇವೆ; ಅವರಿಗೆ ಕೇಳಿಸಿಲ್ಲ ಎಂಬುದು ನಮಗೆ ತಿಳಿಯುವುದು ಹೇಗೆ?

ಮೊಬೈಲ್ ಮೂರನೆಯದು, ಎಲ್ಲಕ್ಕಿಂತ ಕಠಿಣ. ಹಿಂದೆ ಜಾತ್ರೆಯ ರಾತ್ರಿ ತಪ್ಪಿದ ಹಾಡು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಈಗ ಅದು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಗುವ ಚಿತ್ರಗಳ ಜೊತೆ ತಿಂಗಳುಗಟ್ಟಲೆ ಓಡಾಡುತ್ತದೆ. ಒಂದು ಸಲ ಹೀಗಾದವರು ಎರಡನೇ ಸಲ ವೇದಿಕೆ ಹತ್ತುವುದು ಕಡಿಮೆ.

ಟಿವಿಯ ಸ್ಪರ್ಧೆಗಳು ಕೊಟ್ಟ ತಿಳಿವಳಿಕೆಯೂ ಅರೆಬೆಂದದ್ದು. ನೆರೆಯ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಕುರಿ ಕಾಯುತ್ತ ಹಾಡಿಕೊಂಡಿದ್ದವರು, 'ಸರಿಗಮಪ' ವೇದಿಕೆ ಹತ್ತಿ 2019ರಲ್ಲಿ ರನ್ನರ್ ಅಪ್ ಆದರು. ಪ್ರತಿಭೆಯಿದ್ದರೆ ಸಾಕು, ನೇರ ದೊಡ್ಡ ವೇದಿಕೆಗೇ ಹಾರಬಹುದು ಎಂದು ಎಷ್ಟೋ ಮನೆಗಳಲ್ಲಿ ಅಂದುಕೊಂಡರು. ಬಹುತೇಕ ಮೊದಲೇ ಚಿತ್ರೀಕರಿಸುವ ಇಂಥ ಕಾರ್ಯಕ್ರಮದ ಹಿಂದೆ ತಾಲೀಮು, ತಿದ್ದುವ ಮಾರ್ಗದರ್ಶಕರು, ಶ್ರುತಿ ಹೊಂದಿಸಿಕೊಡುವ ವಾದ್ಯವೃಂದ, ಒಳ್ಳೆಯ ಮಾನಿಟರ್ ಎಲ್ಲವೂ ಇರುತ್ತವೆ. ಆ ಹುಡುಗನ ಹಾಡು ಅವನದ್ದೇ. ಆದರೆ ಅದು ಸರಿಯಾಗಿ ಕೇಳುವಂತೆ ಮಾಡಿದ ಏರ್ಪಾಡು ದೊಡ್ಡದು. ನಮ್ಮ ಊರಿನ ವೇದಿಕೆಗೆ ಬಂದದ್ದು ಟಿವಿಯ ಬಣ್ಣದ ದೀಪಗಳು ಮಾತ್ರ, ಏರ್ಪಾಡು ಬರಲಿಲ್ಲ.

ಮಾಡಬಹುದಾದದ್ದು

ಹಾಡುವವರ ಪಾಲಿನ ಕೆಲಸ ಮೊದಲು. ಕಾರ್ಯಕ್ರಮಕ್ಕೆ ವಾರವಿರುವಾಗ ಮನೆಯ ಪಡಸಾಲೆಯಲ್ಲಿ ಹತ್ತು ಜನರನ್ನು ಕೂರಿಸಿ, ಅಂದು ಉಡುವ ಬಟ್ಟೆಯಲ್ಲೇ, ಏನು ತಪ್ಪಿದರೂ ನಿಲ್ಲಿಸದೆ ಪೂರ್ತಿ ಹಾಡಿ ಮುಗಿಸಬೇಕು. ಇಂಥದ್ದು ಮೂರು ನಾಲ್ಕಾದರೆ ವೇದಿಕೆ ಐದನೆಯದಾಗುತ್ತದೆ. ಮೊಬೈಲಿನ ತಂಬೂರಿಯನ್ನು ಕಿವಿಗೆ ಹಿಡಿದು, ಹೆಸರು ಕೂಗುವವರೆಗೂ ಷಡ್ಜವನ್ನು ಮೆಲ್ಲಗೆ ಗುನುಗುತ್ತಿರಬೇಕು. ಸಾಲು ಮರೆತರೆ ಎಲ್ಲಿಗೆ ಹೋಗುವುದೆಂದು ಮನೆಯಲ್ಲೇ ತೀರ್ಮಾನಿಸಿಕೊಂಡಿರಬೇಕು. ಮೊದಲ ಹಾಡು ಅತ್ಯಂತ ಹಳೆಯದಾಗಿರಲಿ.

ಮೇಷ್ಟ್ರ ಪಾಲು: ಶಿಷ್ಯರ ಮೊದಲ ಕೆಲವು ವೇದಿಕೆಗಳಲ್ಲಿ ಹಾರ್ಮೋನಿಯಮ್ಮಿಗೋ ತಬಲಾಕ್ಕೋ ತಾವೇ ಕೂರುವುದು. ತರಗತಿಯಲ್ಲಿ ತಿಂಗಳಿಗೊಮ್ಮೆ, ತಂದೆತಾಯಿಯರನ್ನೂ ಕರೆದು, ಎಲ್ಲರಿಂದಲೂ ಒಂದೊಂದು ಹಾಡು ಹಾಡಿಸುವುದು.

ಕೇಳುವವರ ಪಾಲು ಸಣ್ಣದಾದರೂ ದೊಡ್ಡದು. ಹೊಸಬರು ಹಾಡುವಾಗ ಮೊಬೈಲು ಜೇಬಿನಲ್ಲಿರಲಿ. ತೆಗೆದರೂ ಅವರ ಒಪ್ಪಿಗೆಯಿಲ್ಲದೆ ಗುಂಪಿಗೆ ಹೋಗದಿರಲಿ.

ಸಮಿತಿಯವರ ಪಾಲು ಎಲ್ಲಕ್ಕಿಂತ ಸುಲಭದ್ದು, ಆದರೂ ಆಗದೇ ಉಳಿದದ್ದು. ಪ್ರಾರ್ಥನೆಗೆ ಒಬ್ಬಳನ್ನೇ ನಿಲ್ಲಿಸುವ ಬದಲು ಮೂವರನ್ನು ಒಂದು ಶ್ರುತಿಪೆಟ್ಟಿಗೆಯ ಜೊತೆ ನಿಲ್ಲಿಸಬಹುದು. ಜನ ಸೇರುವ ಮುಂಚೆ ಹಾಡುವವರನ್ನೇ ಕರೆದು ಮೈಕು ನೋಡಬಹುದು. ಅತಿಥಿಗಳು ತಡವಾದರೆ ಆ ಹೊತ್ತನ್ನು ಹೊಸಬರ ಹಾಡಿಗೆ ಕೊಡಬಹುದು; ಭಾಷಣಕ್ಕೆಂದು ಬರದ, ಹಾಡಿಗೆಂದೇ ಮುಂಚೆ ಬಂದು ಕೂತ ಜನರಿಗಿಂತ ಒಳ್ಳೆಯ ಮೊದಲ ಸಭೆ ಸಿಗುವುದಿಲ್ಲ. ಹೆಣ್ಣುಮಕ್ಕಳ ಹಾಡು ಒಂಬತ್ತರೊಳಗೆ ಮುಗಿಸಿ ಮನೆಗೆ ತಲುಪಿಸುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆಯಬಹುದು. ಮುಂದಿನ ಜಾತ್ರೆಯ ಕರಪತ್ರ ಅಚ್ಚಿಗೆ ಹೋಗುವ ಮೊದಲು ಖರ್ಚಿನ ಪಟ್ಟಿಯಲ್ಲಿ ಒಂದು ಮಾನಿಟರ್ ಪೆಟ್ಟಿಗೆಯ ಬಾಡಿಗೆ ಮತ್ತು ಹಾರ್ಮೋನಿಯಂ ಮಾಸ್ತರರ ಸಂಭಾವನೆ ಸೇರಿಸಿದರೆ, ಒಟ್ಟು ಮೊತ್ತ ಶಾಲು, ಹಾರ, ಫಲಕಗಳ ಬಾಬತ್ತಿಗಿಂತ ಹೆಚ್ಚಾಗುವ ಸಂಭವವಿಲ್ಲ.